ಸಹಾಯ ಬೇಕು: ದೋಣಿಗೂ ಹೆಣ್ಣಿಗೂ ಒಪ್ಪುವ ಒಂದು ಕನ್ನಡ ಪದ

ಆತ್ಮೀಯರೇ, ನಮಸ್ಕಾರ. 1940ರಲ್ಲಿ ತೆರೆಕಂಡ, ಜಾರ್ಜ್ ಕ್ಯೂಕರ್ ನಿರ್ದೇಶನದ ‘ದಿ ಫಿಲಡೆಲ್ಫಿಯಾ ಸ್ಟೋರಿ’ ಚಿತ್ರವನ್ನು ತಾಯಿಯವರಿಗೆ ತೋರಿಸಬೇಕೆಂದು ಕನ್ನಡ ಅಡಿಬರಹ ಸಿದ್ಧಪಡಿಸುತ್ತಿದ್ದು, ಒಂದೇ ಒಂದು ಪದದ ಬಳಿ ನಿಂತುಬಿಟ್ಟಿದ್ದೇನೆ. ಸಿರಿವಂತರ ಮನೆಯ ಟ್ರೇಸಿಯ ಎರಡನೆಯ ಮದುವೆಗೆ ‘ಸ್ಪೈ’ ಪತ್ರಿಕೆಯ ವರದಿಗಾರನೂ ಛಾಯಾಗ್ರಾಹಕಿಯೂ ಅತಿಥಿಗಳ ಸೋಗಿನಲ್ಲಿ ಬರುವ ಕಥೆಯಿದು. ಜೇಮ್ಸ್ ಸ್ಟೀವರ್ಟ್ ಅವರಿಗೆ ಆಸ್ಕರ್ ತಂದುಕೊಟ್ಟ ಆ ವರದಿಗಾರನ ಮಾತುಗಳು ಹೇಗೋ ಕನ್ನಡಕ್ಕೆ ಒಗ್ಗಿದವು.

ಒಗ್ಗದಿರುವುದು ‘ಯಾರ್’ ಎಂಬ ನಾವಿಕರ ಹಳೆಯ ಪದ. ಮೊದಲ ಗಂಡ ಡೆಕ್ಸ್‌ಟರ್ ಉಡುಗೊರೆಯಾಗಿ ತಂದ, ಅವರಿಬ್ಬರ ಹಳೆಯ ಹಾಯಿದೋಣಿಯ ಪುಟ್ಟ ಮಾದರಿಯು ಈಜುಕೊಳದಲ್ಲಿ ತೇಲುತ್ತಿರುವಾಗ, ಟ್ರೇಸಿ ಅದನ್ನು ನೆನೆದು ಈ ಮಾತನ್ನಾಡುತ್ತಾಳೆ. ಚುಕ್ಕಾಣಿ ತಿರುಗಿಸಿದೊಡನೆ ಓಗೊಡುವ, ಹಗುರಾಗಿ ಸಾಗುವ, ಚುರುಕಾದ ದೋಣಿಯ ಗುಣವದು. ಕೊನೆಗೆ ಅದೇ ಪದವನ್ನು ತನಗೂ ಹೇಳಿಕೊಳ್ಳುವುದರಿಂದ ಎರಡೂ ಕಡೆ ಒಂದೇ ಪದ ಬರಬೇಕು. ‘ಸಲೀಸು’ ಎಂಬುದು ತೀರಾ ಸಪ್ಪೆ. ‘ವಿಧೇಯೆ’ ಎಂದರೆ ಕ್ಯಾಥರೀನ್ ಹೆಪ್‌ಬರ್ನ್ ಅಷ್ಟು ಜೀವ ತುಂಬಿದ ಆ ಪಾತ್ರಕ್ಕೆ ಅನ್ಯಾಯವಾಗುತ್ತದೆ.

ಮಲ್ಪೆ, ಹೊನ್ನಾವರ, ಕಾರವಾರದ ಕಡೆಯವರು, ಮನೆಯಲ್ಲಿ ಹಾಯಿದೋಣಿ ನಡೆಸಿದ ಹಿರಿಯರಿದ್ದರೆ ದಯವಿಟ್ಟು ಅವರನ್ನು ಕೇಳಿ, ಹೇಳಿದ ಮಾತು ತಕ್ಷಣ ಕೇಳುವ ದೋಣಿಯನ್ನು ಅವರು ಏನೆಂದು ಕರೆಯುತ್ತಿದ್ದರೆಂದು, ಸಾಧ್ಯವಾದರೆ ಅವರದೇ ಒಂದು ವಾಕ್ಯದ ಸಮೇತ, ಇಲ್ಲಿ ಬರೆಯಬೇಕಾಗಿ ವಿನಂತಿ.