ಸಹಾಯ ಬೇಕು: ಅತ್ತೆಗೆ ಆಲ್ಝೈಮರ್ಸ್, ಮನೆ ಹೊಂದಿಸಬೇಕು (ತ್ಯಾಗರಾಜನಗರ)

ಎಲ್ಲರಿಗೂ ನಮಸ್ಕಾರ. ನಮ್ಮತ್ತೆಗೆ 76 ವರ್ಷ. ನಿಮ್ಹಾನ್ಸ್‌ನಲ್ಲಿ ತೋರಿಸ್ತಿದ್ದೀವಿ, ಹಾಗಾಗಿ ಔಷಧಿ ಸಲಹೆ ಬೇಡ, ದಯವಿಟ್ಟು. ಬಾಡಿಗೆ ಮನೆ, ಓನರ್ ಗೋಡೆ ಕೊರೆಯೋಕೆ ಒಪ್ಪಿದ್ದಾರೆ, ಟೈಲ್ಸ್ ಕೀಳೋಕೆ ಒಪ್ಪಿಲ್ಲ.

ದೊಡ್ಡ ತಲೆನೋವು ಬಚ್ಚಲುಮನೆ. ನೆಲ, ಗೋಡೆ, ಕಮೋಡ್ ಎಲ್ಲಾ ಬಿಳಿ. ಎಲ್ಲಿ ಕೂರಬೇಕು ಅಂತಲೇ ಅವರಿಗೆ ಗೊತ್ತಾಗಲ್ಲ. ಕೆಂಪೋ ಕಡುನೀಲಿಯೋ ಸೀಟು ಹಾಕಿದ್ರೆ ಎದ್ದು ಕಾಣುತ್ತೆ ಅಂತ ಥೆರಪಿಸ್ಟ್ ಹೇಳಿದ್ರು. ಅಂಗಡಿಗಳಲ್ಲಿ ನೋಡಿದ್ರೆ ಬರೀ ಬಿಳಿ, ಐವರಿ. ಬಣ್ಣದ್ದು ಎಲ್ಲಿ ಸಿಗುತ್ತೆ? ಕೈ ಹಿಡಿಯೋ ರಾಡ್ ಕೂಡ ಬೇಕು. ಗೋಡೆಗೆ ಬೋಲ್ಟ್ ಮಾಡೋದೇ ಆಗ್ಬೇಕು, ರಬ್ಬರ್ ಸಕ್ಷನ್ ಕಪ್‌ನಿಂದ ಗೋಡೆಗೆ ಅಂಟಿಸೋದು ಕಿತ್ತು ಬರುತ್ತೆ.

ಬಾಗಿಲ ಹತ್ರ ಇದ್ದ ಕಪ್ಪು ಮ್ಯಾಟು ಅವರಿಗೆ ಗುಂಡಿ ಥರ ಕಾಣ್ತಿತ್ತು, ದಾಟ್ತಾನೇ ಇರ್ಲಿಲ್ಲ. ತೆಗೆದ್ಮೇಲೆ ಸರಾಗ. ಕನ್ನಡಿಗೂ ಬಟ್ಟೆ ಮುಚ್ಚಿದೀವಿ, "ಒಳಗೆ ಯಾರೋ ಹೆಂಗಸಿದಾಳೆ" ಅಂತ ಜಗಳ ಆಡ್ತಿದ್ರು. (ದೇವರಮನೇಲಿ ಬ್ಯಾಟರಿ ದೀಪ ಇಟ್ಟಿದ್ದಕ್ಕೆ ಮಾತ್ರ ನಮ್ಮ ಮಾವ ಇನ್ನೂ ಮುನಿಸ್ಕೊಂಡಿದ್ದಾರೆ.)

ಸಂಜೆಯಾದ್ರೆ "ಮನೆಗೆ ಹೋಗ್ಬೇಕು" ಅಂತ ಹೊರಟುಬಿಡ್ತಾರೆ. ಬೀಗ ಹಾಕಿ ಕೂಡಿಹಾಕೋಕೆ ಮನಸ್ಸಿಲ್ಲ, ಬೆಂಕಿಗಿಂಕಿ ಬಿದ್ರೆ ಏನು ಗತಿ? ಬಾಗಿಲು ತೆಗೆದ ತಕ್ಷಣ ಶಬ್ದ ಮಾಡೋ ಸೆನ್ಸರ್ ಯಾರಾದ್ರೂ ಹಾಕಿಸಿದ್ದೀರಾ? ಕರೆಂಟ್ ಹೋದಾಗಲೂ ಕೆಲಸ ಮಾಡುತ್ತಾ?

ಜಯನಗರ, ಬನಶಂಕರಿ ಕಡೆ ಇಂಥ ಕೆಲಸ ಮಾಡಿ ಗೊತ್ತಿರೋ ಪ್ಲಂಬರ್ ಇದ್ರೆ ತಿಳಿಸಿ. ಬೆಳಗ್ಗೆ ಹೊತ್ತು ಬರೋರಾದ್ರೆ ಒಳ್ಳೇದು, ಮಧ್ಯಾಹ್ನದ ಮೇಲೆ ಡ್ರಿಲ್ ಸದ್ದಿಗೆ ಅತ್ತೆ ಗಾಬರಿ ಆಗ್ತಾರೆ.