ಔಷಧ ಹೊಡೆದರೂ ಸಾಯದ ಉಣ್ಣೆಗೆ ಬೇವು, ಬಜೆ ಕೆಲಸ ಮಾಡುತ್ತಾ?

ಪ್ರಶ್ನೆ (ಹೈನುಗಾರ, ಚನ್ನರಾಯಪಟ್ಟಣದ ಹತ್ತಿರ):
ಡಾಕ್ಟ್ರೇ ನಮಸ್ಕಾರ. ನಾಲ್ಕು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು, ಒಂದು ಹಳ್ಳಿಕಾರ್ ಇದೆ. ಎಚ್.ಎಫ್.ಗಳ ಕಿವಿ, ಗಂಗೆದೊಗಲು, ಕೆಚ್ಚಲ ಸಂದಿ ಎಲ್ಲ ಉಣ್ಣೆ. ಮೊದಲೆಲ್ಲ ಡೆಲ್ಟಾಮೆಥ್ರಿನ್ ಅನ್ನೋ ಉಣ್ಣೆ ಔಷಧ ಹೊಡೆದರೆ ಮಾರನೇ ದಿನ ಉದುರುತ್ತಿದ್ದವು, ಈಗ ಅಳತೆ ದುಪ್ಪಟ್ಟು ಮಾಡಿದರೂ ಜಪ್ಪಯ್ಯ ಅನ್ನುತ್ತಿಲ್ಲ. ಬೇವು, ಬಜೆ ಅರೆದು ಹೊಡೆಯಿರಿ ಅಂತಾರೆ. ನಿಜವಾಗಿ ಕೆಲಸ ಮಾಡುತ್ತಾ, ಇಲ್ಲ ಸುಮ್ನೆ ಸಮಾಧಾನಕ್ಕಾ?

ಉತ್ತರ (ಪಶುವೈದ್ಯ):
ದುಪ್ಪಟ್ಟು ಹಾಕುವುದನ್ನು ಇವತ್ತೇ ನಿಲ್ಲಿಸಿ. ಅದು ಹಸುವಿಗೂ ಹಾಲಿಗೂ ಕೆಟ್ಟದ್ದು. ಈ ಔಷಧ ಉಣ್ಣೆಯ ನರದಲ್ಲಿ ಒಂದೇ ಜಾಗಕ್ಕೆ ಅಂಟಿಕೊಂಡು ಕೊಲ್ಲುತ್ತದೆ, ಆ ಜಾಗ ಚೂರು ಬದಲಾಗಿರುವ ಉಣ್ಣೆಗಳು ಬದುಕಿ ಮರಿ ಮಾಡುತ್ತಾ ಹೋಗುತ್ತವೆ. ಸೈಪರ್‌ಮೆಥ್ರಿನ್ ತಂದರೂ ಅದೇ ಕುಟುಂಬ, ದುಡ್ಡು ದಂಡ.

ಆದರೆ ಎಲ್ಲ ಸಲವೂ ಉಣ್ಣೆ ಗಟ್ಟಿಯಾಗಿರುವುದಿಲ್ಲ, ಸಿಂಪಡಣೆಯೇ ಸರಿ ಇರುವುದಿಲ್ಲ. ದೊಡ್ಡ ಹಸು ಪೂರ್ತಿ ನೆನೆಯಲು ಎರಡು ಮೂರು ಲೀಟರ್ ಬೇಕು, ನಾವು ಬೆನ್ನ ಮೇಲೆ ಎರಡು ಸಲ ಪುಸ್ ಅನ್ನಿಸಿ ಬಿಡುತ್ತೇವೆ, ಅಲ್ವಾ? ಅದಕ್ಕೇ ಒಂದು ಪರೀಕ್ಷೆ ಮಾಡಿ. ರಕ್ತ ಕುಡಿದು ಊದಿದ ಹತ್ತು ಉಣ್ಣೆ ಚಿಮಟದಲ್ಲಿ ತೆಗೆದು, ಬಾಟಲಿ ಮೇಲಿನ ಅಳತೆಗೆ ಕಲಸಿದ ಔಷಧದಲ್ಲಿ 2 ನಿಮಿಷ ಮುಳುಗಿಸಿ, ಒರೆಸಿ, ಬಟ್ಟೆ ಕಟ್ಟಿದ ಸೀಸೆಯಲ್ಲಿಡಿ. ಎರಡು ವಾರದೊಳಗೆ ಹೆಚ್ಚಿನವು ಮೊಟ್ಟೆ ಇಟ್ಟರೆ ಆ ಔಷಧ ನಿಮ್ಮ ಕೊಟ್ಟಿಗೆಗೆ ಮುಗಿಯಿತು. ಆಮೇಲೆ ಸೀಸೆಗೆ ಕುದಿಯುವ ನೀರು ಸುರಿಯಿರಿ. ಬೆರಳಲ್ಲಿ ಮಾತ್ರ ಹಿಸುಕಬೇಡಿ.

ಗಿಡಮೂಲಿಕೆ ಕೆಲಸ ಮಾಡುತ್ತದೆ, ನಿಧಾನಕ್ಕೆ. ಬೇವು ಉಣ್ಣೆಯನ್ನು ತಟ್ಟನೆ ಕೊಲ್ಲುವುದಿಲ್ಲ, ಪೊರೆ ಕಳಚಲು, ಮೊಟ್ಟೆ ಇಡಲು ಅಡ್ಡಿ ಮಾಡುತ್ತದೆ. ದಾರಿಯೇ ಬೇರೆಯಾದ್ದರಿಂದ ಡೆಲ್ಟಾಮೆಥ್ರಿನ್‌ಗೆ ಬಗ್ಗದ್ದಕ್ಕೂ ತಾಗುತ್ತದೆ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹೇಳುವ ಪಾಕ ಇದು: ಬೆಳ್ಳುಳ್ಳಿ 10 ಎಸಳು, ಬೇವಿನ ಸೊಪ್ಪು, ಬೇವಿನ ಹಣ್ಣು, ಲಂಟಾನ ಸೊಪ್ಪು, ತುಳಸಿ ಒಂದೊಂದು ಹಿಡಿ, ಬಜೆ 10 ಗ್ರಾಂ, ಅರಿಶಿನ ಪುಡಿ 20 ಗ್ರಾಂ. ರುಬ್ಬಿ 1 ಲೀಟರ್ ನೀರಿಗೆ ಕಲಸಿ, ಬಟ್ಟೆಯಲ್ಲಿ ಸೋಸಿ, ಬಿಸಿಲಿರುವಾಗ ಮೈಯೆಲ್ಲ ಹೊಡೆಯಿರಿ. ವಾರಕ್ಕೊಂದು ಸಲ, ಕಡಿಮೆಯಾಗುವವರೆಗೂ. ಲಂಟಾನ ದನ ತಿಂದರೆ ವಿಷ, ಚರಟ ಗೋದಲಿ ಹತ್ತಿರ ಎಸೆಯಬೇಡಿ.

ಮುಖ್ಯವಾದದ್ದು ಕೊಟ್ಟಿಗೆಯ ಗೋಡೆ. ಈ ಉಣ್ಣೆ ಹಸುವಿನ ಮೈ ಮೇಲೆ ಇರುವುದು ಮೂರು ವಾರ ಅಷ್ಟೆ. ಹೆಣ್ಣು ಉದುರಿ ಬಿರುಕಿನಲ್ಲಿ ಸೇರಿ ಎರಡು ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ, ಮರಿಗಳು ಉಪವಾಸ ತಿಂಗಳುಗಟ್ಟಲೆ ಕಾಯುತ್ತವೆ. ಸಂದಿಗಳಿಗೂ ಅದೇ ಕಷಾಯ ಹೊಡೆದು, ಆಮೇಲೆ ಸಿಮೆಂಟು ತುಂಬಿ ಮುಚ್ಚಿ.

ಇನ್ನೊಬ್ಬ ಸದಸ್ಯರು:
ಸರ್, ನಮ್ಮಲ್ಲಿ ಹೊಗೆಸೊಪ್ಪಿನ ನೀರು ಹಾಕುತ್ತಾರೆ, ಸೀತಾಫಲದ ಬೀಜವೂ ಅರೆಯುತ್ತಾರೆ. ಪರವಾಗಿಲ್ವಾ?

ಉತ್ತರ:
ಹೊಗೆಸೊಪ್ಪು ಬೇಡ. ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗುತ್ತದೆ, ಹಸು ಮೈ ನೆಕ್ಕಿದರೆ ಇನ್ನೂ ಕಷ್ಟ. ಸೀತಾಫಲದ ಬೀಜಕ್ಕೆ ಉಣ್ಣೆ ಸಾಯುವುದು ನಿಜ, ಆದರೆ ಪುಡಿ ಕಣ್ಣಿಗೆ ಬಿದ್ದರೆ ನಿಮ್ಮ ಕಣ್ಣೂ ಉಳಿಯುವುದು ಅನುಮಾನ. ನಾನಂತೂ ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು ಡಾಕ್ಟ್ರೇ, ನಾಳೆಯೇ ಅರೆಯುತ್ತೇನೆ. ಅಂದಹಾಗೆ ಒಂದು ಹಸು ನಿನ್ನೆಯಿಂದ ಮೇವು ಬಿಟ್ಟಿದೆ, ಗಂಜಲ ಕಾಫಿ ಬಣ್ಣಕ್ಕಿದೆ. ಬಿಸಿಲಿಗಿರಬಹುದಾ?

ಉತ್ತರ:
ಇದನ್ನು ಮೊದಲು ಹೇಳಬಾರದಾ ಮಾರಾಯರೇ! ಬಿಸಿಲಲ್ಲ, ಉಣ್ಣೆಯಿಂದ ಬರುವ, ರಕ್ತದ ಕಣ ಒಡೆಯುವ ಬೆಬೀಸಿಯೋಸಿಸ್ ಕಾಯಿಲೆ ಇರಬಹುದು, ಸೊಪ್ಪಿಗೆಲ್ಲ ಬಗ್ಗುವುದಿಲ್ಲ. ಅರೆಯುವುದು ಆಮೇಲೆ. ಈಗಲೇ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ, ರಕ್ತ ಪರೀಕ್ಷೆ ಮಾಡಿಸಿ.