ಭಾನುವಾರದ ಪ್ರಶ್ನೋತ್ತರ: ಚೊಚ್ಚಲ ಬಸಿರು, ಪ್ರಸೂತಿ ತಜ್ಞೆಯೊಂದಿಗೆ

ನಿರ್ವಾಹಕಿ: ಎಲ್ಲರಿಗೂ ನಮಸ್ಕಾರ. ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಬಹುಕಾಲ ದುಡಿದ ಪ್ರಸೂತಿ ತಜ್ಞೆ ಇಂದು ನಮ್ಮೊಂದಿಗಿದ್ದಾರೆ. ಎಷ್ಟನೆಯ ವಾರ ಎಂದು ತಿಳಿಸಿಯೇ ಪ್ರಶ್ನೆ ಕೇಳಿ. ಗಂಡೋ ಹೆಣ್ಣೋ ಎಂಬ ಮಾತು ಕಂಡರೆ ಅಳಿಸುತ್ತೇನೆ, ಕಾರಣ ಕೇಳಬೇಡಿ.

ಮೈಸೂರಿನ ಹೊಸ ಗೃಹಿಣಿ: ನಮಸ್ಕಾರ ಮೇಡಂ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಈಗ 8 ವಾರ. ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಒಗ್ಗರಣೆಯ ವಾಸನೆ ಬಂದರೆ ಸಾಕು, ತಿಂದದ್ದೆಲ್ಲ ಹೊರಗೆ. ಯಜಮಾನರು ಅಡುಗೆ ಮಾಡುವುದನ್ನೇ ನಿಲ್ಲಿಸಿ ಮೊಸರನ್ನ ತಿಂದು ಕಚೇರಿಗೆ ಹೋಗುತ್ತಿದ್ದಾರೆ. ಏನು ಮಾಡಲಿ?

ವೈದ್ಯೆ: ಹಾಸಿಗೆಯಿಂದ ಏಳುವ ಮುಂಚೆಯೇ ಒಣ ತಿನಿಸು ಏನಾದರೂ ಬಾಯಿಗೆ ಹಾಕಿಕೊಳ್ಳಿ. ಹುರಿದ ಅವಲಕ್ಕಿ, ಮಂಡಕ್ಕಿ, ರಸ್ಕ್, ಯಾವುದಾದರೂ ಸರಿ. ಹೊಟ್ಟೆ ಖಾಲಿ ಬಿಡಬೇಡಿ, ತುಂಬಿಸಲೂ ಬೇಡಿ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಫೋಲಿಕ್ ಆಮ್ಲದ ಮಾತ್ರೆ ಬಿಡಬೇಡಿ. ಕಬ್ಬಿಣದ ಮಾತ್ರೆ ಈಗಲೇ ಶುರು ಮಾಡಿದ್ದರೆ ವಾಂತಿಗೆ ಅದೂ ಕಾರಣವಿರಬಹುದು, ನಿಮ್ಮ ವೈದ್ಯರನ್ನು ಕೇಳಿ. ನೀರು ಕೂಡ ಒಳಗೆ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ಮನೆಯಲ್ಲಿ ಕೂರಬೇಡಿ, ಡ್ರಿಪ್ ಬೇಕಾಗುತ್ತದೆ. ಯಜಮಾನರಿಗೆ ಹೇಳಿ, ಮೊಸರನ್ನದ ತ್ಯಾಗ ಬೇಕಿಲ್ಲ, ಅಡುಗೆಮನೆಯ ಬಾಗಿಲು ಮುಚ್ಚಿ ಕಿಟಕಿ ತೆರೆದರೆ ಸಾಕು.

ತುಮಕೂರಿನಿಂದ ಒಬ್ಬರು: ಮೇಡಂ, ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆಯೇ? ಅತ್ತೆ ಕಾಶ್ಮೀರದಿಂದ ತರಿಸಿದ್ದಾರೆ.

ವೈದ್ಯೆ: ಇಲ್ಲ. ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ. ರುಚಿಗೆಂದು ಎರಡು ಎಸಳು ಹಾಕಿಕೊಳ್ಳಿ.

ಬೆಂಗಳೂರಿನ ಭಾವಿ ಅಪ್ಪ: ಹೆಂಡತಿಗೆ 20 ವಾರ. ದಿನವೂ ಸ್ಕೂಟರಿನಲ್ಲಿ ಮೆಟ್ರೊ ನಿಲ್ದಾಣದವರೆಗೆ ಬಿಡುತ್ತೇನೆ. ಹೊಂಡಗಳ ವಿಷಯ ನಿಮಗೆ ಗೊತ್ತೇ ಇದೆ. ನಿಲ್ಲಿಸಬೇಕೇ? ಇನ್ನೊಂದು ಪ್ರಶ್ನೆ ಇದೆ, ಹೇಗೆ ಕೇಳುವುದೋ ತಿಳಿಯುತ್ತಿಲ್ಲ.

ವೈದ್ಯೆ: ಹೊಂಡದ ಕುಲುಕಾಟಕ್ಕೆ ಗರ್ಭ ಜಾರುವುದಿಲ್ಲ. ಭಯ ಬೀಳುವುದರದ್ದು, ಡಿಕ್ಕಿಯದ್ದು. ಹೊಟ್ಟೆ ದೊಡ್ಡದಾದಂತೆ ಹಿಂದೆ ಕುಳಿತವರ ಸಮತೋಲ ತಪ್ಪುತ್ತದೆ, ಹಾಗಾಗಿ ಇನ್ನು ಮುಂದೆ ಆಟೋ ಒಳ್ಳೆಯದು. ಕೇಳಲಾಗದ ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ: ರಕ್ತಸ್ರಾವ ಆಗಿಲ್ಲ, ಮಾಸು ಕೆಳಗಿಲ್ಲ, ನಿಮ್ಮ ವೈದ್ಯರು ಬೇಡ ಎಂದಿಲ್ಲ ಎಂದಾದರೆ ದಾಂಪತ್ಯಕ್ಕೆ ಅಡ್ಡಿಯಿಲ್ಲ. ಅವರಿಗೆ ಮನಸ್ಸಿರಬೇಕು, ಅಷ್ಟೇ.

ಹಾಸನದ ಸೊಸೆ: 15 ವಾರ. ನನ್ನದು ಓ ನೆಗೆಟಿವ್, ಇವರದು ಬಿ ಪಾಸಿಟಿವ್. ಜಾತಕ ಕೂಡಿತ್ತು, ರಕ್ತ ಕೂಡಲಿಲ್ಲ ಎಂದು ಮನೆಯಲ್ಲಿ ಮಾತು.

ವೈದ್ಯೆ: ಇದು ದೋಷವಲ್ಲ, ಪರಿಹಾರವಿರುವ ಸಂಗತಿ. ಮಗುವಿನ ಪಾಸಿಟಿವ್ ರಕ್ತದ ವಿರುದ್ಧ ನಿಮ್ಮ ಮೈಯಲ್ಲಿ ಪ್ರತಿಕಾಯ ಹುಟ್ಟಿದೆಯೇ ಎಂದು ತೋರಿಸುವ ಐಸಿಟಿ ಎಂಬ ರಕ್ತಪರೀಕ್ಷೆ ಮಾಡಿಸಿ. ಅದು ನೆಗೆಟಿವ್ ಇದ್ದರೆ 28ನೇ ವಾರದ ಹೊತ್ತಿಗೆ ಪ್ರತಿಕಾಯ ಹುಟ್ಟದಂತೆ ತಡೆಯುವ ಆ್ಯಂಟಿ-ಡಿ ಚುಚ್ಚುಮದ್ದು, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾಗಿ 72 ಗಂಟೆಯೊಳಗೆ ಇನ್ನೊಂದು. ನಡುವೆ ರಕ್ತ ಕಂಡರೆ ಆಗಲೂ ಬೇಕು. ತಾಯಿ ಕಾರ್ಡಿನ ಮೇಲೆ ರಕ್ತದ ಗುಂಪನ್ನು ಕೆಂಪು ಶಾಯಿಯಲ್ಲಿ ಬರೆಸಿ.

ಕಲಬುರಗಿಯ ಗಂಡ: ಮೇಡಂ, ಹೆರಿಗೆ ಕೋಣೆಯೊಳಗೆ ಗಂಡ ಜೊತೆಗಿರಬಹುದೇ? ಹೆಂಡತಿಗೆ 30 ವಾರ, ನಾನು ಇರಲೇಬೇಕು ಎನ್ನುತ್ತಿದ್ದಾಳೆ.

ಸಿದ್ದಾಪುರದ ತವರಿನಿಂದ: 33 ವಾರ ಮೇಡಂ. ಸೀಮಂತ ಮುಗಿಸಿಕೊಂಡು ಅಮ್ಮನ ಮನೆಗೆ ಬಂದಿದ್ದೇನೆ. ನಾಲ್ಕೈದು ದಿನಗಳಿಂದ ಅಂಗೈ ಅಂಗಾಲು ವಿಪರೀತ ತುರಿಕೆ. ಗುಳ್ಳೆ ಏನೂ ಇಲ್ಲ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ನಿದ್ದೆಯೇ ಇಲ್ಲ. ಕಾಲನ್ನು ಬಚ್ಚಲ ಕಲ್ಲಿಗೆ ಉಜ್ಜುತ್ತಿದ್ದೇನೆ. ಅಮ್ಮ ಪಿತ್ತ ಎಂದು ಬೇವು ಅರಿಶಿನ ಅರೆದು ಹಚ್ಚುತ್ತಿದ್ದಾರೆ. ಚಿಕ್ಕ ವಿಷಯಕ್ಕೆ ತೊಂದರೆ ಕೊಡುತ್ತಿದ್ದರೆ ಕ್ಷಮಿಸಿ.

ಧಾರವಾಡದ ಅಮ್ಮ: ಗಾಬರಿ ಬೇಡ ತಂಗಿ. ಬಸುರಿಗೆ ತುರಿಕೆ ಸಹಜ. ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿ. ನನಗೆ ಬಂದ ಸಂದೇಶವನ್ನು ಕೆಳಗೆ ಹಾಕಿದ್ದೇನೆ, ಏಳು ದಿನ ಮಾಡು.

ವೈದ್ಯೆ: ಏಳು ದಿನ ಕಾಯಬೇಡಿ. ಸಿದ್ದಾಪುರದವರೇ, ಇದು ಚಿಕ್ಕ ವಿಷಯವಲ್ಲ. ಮೂತ್ರದ ಬಣ್ಣ ಹೇಗಿದೆ? ಕಣ್ಣು ಹಳದಿಯೇ? ತಲೆನೋವು, ಹೊಟ್ಟೆಯ ಮೇಲ್ಭಾಗದ ನೋವು ಇದೆಯೇ? ಮಗು ಎಂದಿನಂತೆ ಆಡುತ್ತಿದೆಯೇ?

ಸಿದ್ದಾಪುರದ ತವರಿನಿಂದ: ಮೂತ್ರ ಸ್ವಲ್ಪ ಗಾಢ. ನೀರು ಕಡಿಮೆ ಕುಡಿದಿದ್ದಕ್ಕೆ ಇರಬೇಕು ಎಂದುಕೊಂಡೆ. ಕಣ್ಣು ಬೆಳ್ಳಗಿದೆ. ನೋವಿಲ್ಲ. ಮಗು ಆಡುತ್ತಿದೆ.

ವೈದ್ಯೆ: ಸರಿ, ಕೇಳಿ. ಕೊನೆಯ ಮೂರು ತಿಂಗಳಲ್ಲಿ, ಗುಳ್ಳೆಯಿಲ್ಲದೆ, ಅಂಗೈ ಅಂಗಾಲಿನಲ್ಲಿ, ರಾತ್ರಿ ಹೆಚ್ಚಾಗುವ ತುರಿಕೆ ಎಂದರೆ ನಾನು ಮೊದಲು ಯೋಚಿಸುವುದು ಚರ್ಮವನ್ನಲ್ಲ, ಯಕೃತ್ತನ್ನು. ಬಸಿರಿನ ಹಾರ್ಮೋನುಗಳ ಕಾರಣಕ್ಕೆ ಕೆಲವರಲ್ಲಿ ಪಿತ್ತರಸ ಸರಾಗವಾಗಿ ಕರುಳಿಗೆ ಹರಿಯದೆ ಅದರ ಆಮ್ಲಗಳು ರಕ್ತದಲ್ಲಿ ಉಳಿದುಬಿಡುತ್ತವೆ. ನಾವು ಇದನ್ನು ಕೊಲೆಸ್ಟಾಸಿಸ್ ಎನ್ನುತ್ತೇವೆ. ತಾಯಿಗೆ ಕಾಟ ತುರಿಕೆಯದ್ದು, ಹೆರಿಗೆಯಾದ ಮೇಲೆ ತಾನಾಗಿ ಹೋಗುತ್ತದೆ. ಅಪಾಯ ಇರುವುದು ಮಗುವಿಗೆ. ಅವಧಿಗೆ ಮುಂಚೆ ಹೆರಿಗೆಯಾಗಬಹುದು. ಆಮ್ಲದ ಮಟ್ಟ ಬಹಳ ಏರಿದಾಗ, ಅಂದರೆ ಲೀಟರಿಗೆ 100 ಮೈಕ್ರೊಮೋಲ್ ದಾಟಿದಾಗ, ಮಗು ಹೊಟ್ಟೆಯಲ್ಲೇ ಹಠಾತ್ತನೆ ತೀರಿಕೊಳ್ಳುವ ಸಂಭವ ಹೆಚ್ಚುತ್ತದೆ. 40ರ ಕೆಳಗಿದ್ದರೆ ಸಾಮಾನ್ಯವಾಗಿ ನಿಶ್ಚಿಂತೆ. ಹೆದರಿಸಲು ಹೇಳುತ್ತಿಲ್ಲ, ಅಂಕಿ ಗೊತ್ತಿಲ್ಲದೆ ಕೂರುವುದೇ ತಪ್ಪು ಎನ್ನುತ್ತಿದ್ದೇನೆ.

ಇವತ್ತೇ ಶಿರಸಿಗೋ ಸಾಗರಕ್ಕೋ ಹೊರಡಿ. ಭಾನುವಾರವಾದರೂ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗ ತೆರೆದಿರುತ್ತದೆ. ಅಲ್ಲಿ ಹೀಗೆಯೇ ಹೇಳಿ: "33 ವಾರ, ಗುಳ್ಳೆಯಿಲ್ಲದ ತುರಿಕೆ, ಯಕೃತ್ತಿನ ಪರೀಕ್ಷೆ ಆಗಬೇಕು." ಬರೀ ತುರಿಕೆ ಎಂದರೆ ಮುಲಾಮು ಬರೆದು ಕಳುಹಿಸಿಬಿಡುತ್ತಾರೆ, ಅದನ್ನು ನಾನು ಕಂಡಿದ್ದೇನೆ. ಬೇಕಾದ್ದು ಎಲ್‌ಎಫ್‌ಟಿ ಎಂಬ ಯಕೃತ್ತಿನ ರಕ್ತಪರೀಕ್ಷೆ ಮತ್ತು ಪಿತ್ತ ಆಮ್ಲ, ಎರಡೂ. ಎಲ್‌ಎಫ್‌ಟಿ ವರದಿ ಬೇಗ ಸಿಗುತ್ತದೆ. ಪಿತ್ತ ಆಮ್ಲದ ಮಾದರಿ ದೊಡ್ಡ ಊರಿನ ಲ್ಯಾಬಿಗೆ ಹೋಗಿ ಬರಬೇಕಾದೀತು. ಜೊತೆಗೆ ಬಿಪಿ, ಮೂತ್ರದಲ್ಲಿ ಪ್ರೋಟೀನ್, ಪ್ಲೇಟ್‌ಲೆಟ್ ಕೂಡ ನೋಡಿಸಿ. ಯಕೃತ್ತಿನ ಅಂಕಿ ಏರಲು ಕಾಮಾಲೆಯೂ ಕಾರಣವಿರಬಹುದು, ಬಿಪಿಯ ಕಾಯಿಲೆಯೂ ಇರಬಹುದು. ಮೂರಕ್ಕೂ ದಾರಿ ಬೇರೆ ಬೇರೆ. ಮೊದಲ ವರದಿ ಸರಿ ಬಂದು ತುರಿಕೆ ಉಳಿದರೆ ಒಂದು ವಾರದೊಳಗೆ ಮತ್ತೆ ಮಾಡಿಸಿ, ಏಕೆಂದರೆ ಕೆಲವೊಮ್ಮೆ ತುರಿಕೆ ಮೊದಲು ಬಂದು ರಕ್ತದ ಅಂಕಿ ಆಮೇಲೆ ಏರುತ್ತದೆ.

ಅಮ್ಮನಿಗೆ ಹೇಳಿ, ಬೇವಿನ ಲೇಪ ವಿಷವೇನಲ್ಲ. ಅದು ತಿನ್ನುವುದು ಹೊತ್ತನ್ನು. ನಾಲ್ಕೈದು ದಿನ ಆಗಲೇ ಹೋಗಿವೆ.

ಧಾರವಾಡದ ಅಮ್ಮ: ನಾನು ನಾಲ್ಕು ಹೆತ್ತಿದ್ದೇನೆ ಡಾಕ್ಟರೇ, ಪ್ರತಿ ಸಲವೂ ತುರಿಕೆ ಇತ್ತು. ಮಕ್ಕಳು ಗುಂಡುಕಲ್ಲಿನ ಹಾಗಿದ್ದಾರೆ.

ವೈದ್ಯೆ: ಸಂತೋಷ. ಹೊಟ್ಟೆಯ ಚರ್ಮ ಹಿಗ್ಗಿ ಬರುವ ತುರಿಕೆಯೇ ಹೆಚ್ಚು, ನಿಮ್ಮದೂ ಅದೇ ಇದ್ದಿರಬಹುದು. ಇವರದು ಯಾವುದು ಎಂದು ನೀವೂ ಹೇಳಲಾರಿರಿ, ನಾನೂ ಹೇಳಲಾರೆ. ರಕ್ತ ಹೇಳುತ್ತದೆ. ಆ ಸಂದೇಶವನ್ನು ಇಲ್ಲಿಂದ ತೆಗೆಯಿರಿ.

ಮಂಡ್ಯದಿಂದ: ಪಪ್ಪಾಯಿ ತಿನ್ನಬಹುದೇ ಮೇಡಂ? 12 ವಾರ.

ವೈದ್ಯೆ: ಹಣ್ಣಾದದ್ದು ಆಗಬಹುದು, ಕಾಯಿ ಬೇಡ.

ಬೆಂಗಳೂರಿನ ಸೊಸೆ: ತವರಿನ ಮಾತು ಬಂತಲ್ಲ, ನನ್ನದೂ ಅದೇ ಗೋಳು. 29 ವಾರ. ಇಬ್ಬರೂ ಇಲ್ಲಿ ಕೆಲಸದಲ್ಲಿದ್ದೇವೆ, ನನ್ನ ವೈದ್ಯರೂ ಇಲ್ಲೇ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂದು ಎರಡೂ ಕಡೆಯ ಹಿರಿಯರು ತೀರ್ಮಾನಿಸಿದ್ದಾರೆ. ನಮ್ಮನ್ನು ಯಾರೂ ಕೇಳಿಲ್ಲ. ನನ್ನ ಗಂಡ ಮಗುವಿನ ಮುಖವನ್ನು ಮೊಬೈಲಿನಲ್ಲಿ ನೋಡಬೇಕೇ?

ಧಾರವಾಡದ ಅಮ್ಮ: ಹೆತ್ತ ತಾಯಿ ಮಾಡುವಂತೆ ಬಾಣಂತನ ಯಾರು ಮಾಡುತ್ತಾರೆ? ಎರೆಯುವುದು, ಸಾಂಬ್ರಾಣಿ ಹೊಗೆ, ಖಾರದ ಉಂಡೆ, ಇದನ್ನೆಲ್ಲ ನಿನ್ನ ಗಂಡ ಮಾಡುತ್ತಾನೆಯೇ?

ಬೆಂಗಳೂರಿನ ಭಾವಿ ಅಪ್ಪ: ಕಲಿತರೆ ಮಾಡುತ್ತಾನೆ. ಹೊಗೆಯನ್ನು ಬಿಟ್ಟು.

ಹಾವೇರಿಯ ಒಬ್ಬರು: ಖರ್ಚಿನ ಮಾತನ್ನು ಯಾರೂ ಆಡುವುದಿಲ್ಲ. ಸೀಮಂತ, ಹೆರಿಗೆ, ತೊಟ್ಟಿಲು ಎಲ್ಲ ಹೆಣ್ಣಿನ ಮನೆಯವರ ತಲೆಗೆ. ಸಂಪ್ರದಾಯ ಎಂದರೆ ಇದೇ.

ಧಾರವಾಡದ ಅಮ್ಮ: ಮಗಳಿಗೆ ಮಾಡುವುದನ್ನು ಲೆಕ್ಕ ಹಾಕುವವರು ಇದ್ದಾರೆಂದು ಈಗ ತಿಳಿಯಿತು.

ಹಾವೇರಿಯ ಒಬ್ಬರು: ಸಾಲ ಮಾಡಿದವರನ್ನು ಕೇಳಿ ಅಮ್ಮ, ಲೆಕ್ಕ ಗೊತ್ತಾಗುತ್ತದೆ.

ಬೆಂಗಳೂರಿನ ಸೊಸೆ: ನನ್ನ ಪ್ರಶ್ನೆಯನ್ನು ಬಿಟ್ಟು ಎಲ್ಲರೂ ಮಾತನಾಡುತ್ತಿದ್ದೀರಿ.

ವೈದ್ಯೆ: ಎಲ್ಲಿ ಹೆರಬೇಕೆಂದು ನಾನು ಹೇಳುವುದಿಲ್ಲ. ಹೋಗುವುದಾದರೆ 34 ವಾರದೊಳಗೆ ಹೋಗಿ. ಸ್ಕ್ಯಾನಿಂಗ್ ವರದಿ ಸಹಿತ ಎಲ್ಲ ಕಾಗದ ಒಯ್ದು ಅಲ್ಲಿನ ಆಸ್ಪತ್ರೆಯಲ್ಲಿ ಒಮ್ಮೆಯಾದರೂ ತೋರಿಸಿಕೊಳ್ಳಿ. ನೋವು ಶುರುವಾದ ಮೇಲೆ ಗುರುತಿಲ್ಲದ ಬಾಗಿಲು ತಟ್ಟಬೇಡಿ. ಸಾಂಬ್ರಾಣಿ ಹೊಗೆಯನ್ನು ಹಸುಗೂಸಿನ ಮೂಗಿಗೆ ಹಿಡಿಯಬೇಡಿ.

ಸಿದ್ದಾಪುರದವರೇ, ಹೊರಟಿರಾ?

ಬಳ್ಳಾರಿಯಿಂದ: ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತಿದೆ. ನಿಲ್ಲಿಸಲೇ? 24 ವಾರ, ಹಿಮೋಗ್ಲೋಬಿನ್ 9.6.

ವೈದ್ಯೆ: ನಿಲ್ಲಿಸಬೇಡಿ. ಬಸಿರಿಯರಲ್ಲಿ 11ಕ್ಕಿಂತ ಕಡಿಮೆ ಎಂದರೆ ರಕ್ತಹೀನತೆ. ಕಪ್ಪಾಗುವುದು ಸಹಜ. ಕಾಫಿ, ಚಹಾದೊಂದಿಗೆ ನುಂಗಬೇಡಿ, ನಿಂಬೆ ಪಾನಕದೊಂದಿಗೆ ನುಂಗಿ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ನಿಮಗೆ ದಿನಕ್ಕೆ ಎಷ್ಟು ಮಾತ್ರೆ ಎಂದು ವೈದ್ಯರನ್ನು ಕೇಳಿ.

ಕೋಲಾರದಿಂದ: ಕೇಸರಿ ಯಾವ ತಿಂಗಳಿನಿಂದ ಶುರು ಮಾಡಬೇಕು?

ವೈದ್ಯೆ: ಮೇಲೆ ಓದಿ.

ರಾಯಚೂರಿನಿಂದ: ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ದುಡ್ಡು ಯಾವಾಗ ಬರುತ್ತದೆ?

ಗದಗಿನ ಆಶಾ ಕಾರ್ಯಕರ್ತೆ: ಇದಕ್ಕೆ ನಾನು ಹೇಳುತ್ತೇನೆ. ಅರ್ಹರಿಗೆ ಮೊದಲ ಮಗುವಿಗೆ ಒಟ್ಟು 5,000 ರೂಪಾಯಿ, ಎರಡು ಕಂತು. ಬಸಿರನ್ನು ನೋಂದಾಯಿಸಿ ತಪಾಸಣೆಯಾದ ಮೇಲೆ 3,000, ಮಗುವಿನ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆಗಳ ನಂತರ 2,000. ಖಾತೆ ತಾಯಿಯ ಹೆಸರಿನಲ್ಲೇ ಇರಬೇಕು, ಗಂಡನ ಖಾತೆ ಕೊಟ್ಟು ಆಮೇಲೆ ನಮ್ಮನ್ನು ಬೈಯಬೇಡಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸಿರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅದನ್ನೂ ಬಿಡಬೇಡಿ.

ನಿರ್ವಾಹಕಿ: ಹೊಟ್ಟೆಯ ಆಕಾರದ ಚಿತ್ರ ಹಾಕಿ "ಯಾವುದು ಹೇಳಿ" ಎಂದವರ ಪ್ರಶ್ನೆ ಅಳಿಸಿದ್ದೇನೆ. ಲಿಂಗಪತ್ತೆ ನಿಷೇಧಿಸುವ ಕಾನೂನು 1994ರಿಂದ ಇದೆ. ತಮಾಷೆಗೂ ಬೇಡ.

ಚಿತ್ರದುರ್ಗದಿಂದ: ಒಂಬತ್ತರಲ್ಲಿ ಹರಳೆಣ್ಣೆ ಕುಡಿದರೆ ಸಿಸೇರಿಯನ್ ತಪ್ಪುತ್ತದೆ ಎಂದು ಸಂದೇಶ ಬಂದಿದೆ. ಎಷ್ಟು ಚಮಚ?

ವೈದ್ಯೆ: ಸೊನ್ನೆ ಚಮಚ. ಹರಳೆಣ್ಣೆ ಕರುಳನ್ನು ಕೆರಳಿಸುತ್ತದೆ. ಭೇದಿ, ವಾಂತಿಯಾಗಿ ಮೈಯ ನೀರು ಬತ್ತಿದ ಹೆಂಗಸು ಹೆರಿಗೆ ಕೋಣೆಗೆ ಬಂದರೆ ಕಷ್ಟ ಯಾರದ್ದು? ಈ ಸಂದೇಶ ಬರೆದವನು ರಾತ್ರಿ ಎರಡು ಗಂಟೆಗೆ ಗ್ಲೂಕೋಸ್ ಬಾಟಲಿ ಹಿಡಿದು ನಿಲ್ಲುವುದಿಲ್ಲ. ಇನ್ನು ಮುಂದೆ "ಸಂದೇಶ ಬಂದಿದೆ" ಎಂದು ಶುರುವಾಗುವ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಚಿತ್ರದುರ್ಗದಿಂದ: ಕೇಳಿದ್ದೇ ತಪ್ಪಾಯಿತೇ? ಇಲ್ಲಿ ಕೇಳದೆ ಕುಡಿದಿದ್ದರೆ?

ವೈದ್ಯೆ: ಕೇಳಿದ್ದು ಸರಿ. ಕೋಪ ನಿಮ್ಮ ಮೇಲಲ್ಲ.

ಧಾರವಾಡದ ಅಮ್ಮ: ನಮ್ಮ ಮೇಲೆ ಎಂದು ಗೊತ್ತಿದೆ. ಹಿಂದಿನವರೆಲ್ಲ ದಡ್ಡರು.

ಬೆಂಗಳೂರಿನ ಸೊಸೆ: ಅಮ್ಮ, ಎಷ್ಟು ಮಂದಿ ಹೆತ್ತರು ಎಂಬುದನ್ನು ಹೇಳುತ್ತೀರಿ, ಎಷ್ಟು ಮಂದಿ ಹೆರುವಾಗ ಹೋದರು ಎಂಬುದನ್ನು ಹೇಳುವುದಿಲ್ಲ.

ಧಾರವಾಡದ ಅಮ್ಮ: ಹೇಳಬೇಕೇ? ನನ್ನ ಅಕ್ಕ ಹೋದಳು. ಅಲ್ಲಿ ಆಸ್ಪತ್ರೆ ಇರಲಿಲ್ಲ, ಅಜ್ಜಿಯ ಕಷಾಯವಷ್ಟೇ ಇತ್ತು. ಇರುವುದನ್ನು ಕೊಟ್ಟರು.

ನಿರ್ವಾಹಕಿ: ದಯವಿಟ್ಟು ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ವೈದ್ಯೆ: ಸಿದ್ದಾಪುರದವರು ಎಲ್ಲಿ? ಯಾರಿಗಾದರೂ ಪರಿಚಯವಿದ್ದರೆ ಫೋನ್ ಮಾಡಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಲಿ.

ಸಿದ್ದಾಪುರದ ತವರಿನಿಂದ: ಶಿರಸಿಯಲ್ಲಿದ್ದೇನೆ ಮೇಡಂ. ದಾರಿಯಲ್ಲಿ ಸಿಗ್ನಲ್ ಇರಲಿಲ್ಲ. ಬಿಪಿ 118/76. ಮಗುವಿನ ಎದೆಬಡಿತ ಸರಿಯಿದೆ ಎಂದರು. ಎಸ್‌ಜಿಪಿಟಿ ಎಂಬ ಯಕೃತ್ತಿನ ಅಂಕಿ 212 ಬಂದಿದೆ, ಇರಬೇಕಾದ್ದು 40ರೊಳಗಂತೆ. ಪ್ಲೇಟ್‌ಲೆಟ್ ಸರಿಯಿದೆ. ಪಿತ್ತ ಆಮ್ಲದ ಮಾದರಿ ಹುಬ್ಬಳ್ಳಿಗೆ ಹೋಗಿದೆ, ಎರಡು ದಿನವಂತೆ. ಇವತ್ತು ಇಲ್ಲೇ ಇರಲು ಹೇಳಿದ್ದಾರೆ. ಇವರು ಬೆಂಗಳೂರಿನಿಂದ ಬಸ್ಸು ಹತ್ತಿದ್ದಾರೆ. ಅಮ್ಮ ಅಳುತ್ತಿದ್ದಾರೆ.

ವೈದ್ಯೆ: ಇದ್ದುಬಿಡಿ. ಕಾಮಾಲೆಯ ಪರೀಕ್ಷೆಗಳಿಗೂ ರಕ್ತ ತೆಗೆದಿದ್ದಾರೆಯೇ ಕೇಳಿ. ಉರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಟ್ಟರೆ ತೆಗೆದುಕೊಳ್ಳಿ, ತುರಿಕೆ ಕೊಂಚ ಇಳಿಯಬಹುದು. ಮಲಗುವ ಮುಂಚೆ ಕಾಲನ್ನು ತಣ್ಣೀರಿನಲ್ಲಿ ಇಡಿ. ಹೆರಿಗೆ ಯಾವಾಗ ಎಂಬುದನ್ನು ಹುಬ್ಬಳ್ಳಿಯ ಅಂಕಿ ನೋಡಿ ಅವರು ನಿರ್ಧರಿಸುತ್ತಾರೆ. 100 ದಾಟಿದ್ದರೆ 36 ವಾರದ ಹೊತ್ತಿಗೇ ಮಾಡಿಸಬಹುದು, ಕಡಿಮೆಯಿದ್ದರೆ 37ರಿಂದ 39 ವಾರದ ನಡುವೆ. ಈ ಕಾಯಿಲೆಯಲ್ಲಿ ಒದೆತ ಎಣಿಸುವುದೊಂದನ್ನೇ ನಂಬಿ ಕೂರುವಂತಿಲ್ಲ, ಆದರೆ ಒದೆತ ಕಡಿಮೆಯಾದರೆ ಬೆಳಗಿನವರೆಗೆ ಕಾಯದೆ ನರ್ಸನ್ನು ಎಬ್ಬಿಸಿ. ಮುಂದಿನ ಬಸಿರಿನಲ್ಲೂ ಇದು ಮರಳುವುದುಂಟು, ಕಾರ್ಡಿನಲ್ಲಿ ಬರೆಸಿಡಿ. ಅಮ್ಮನಿಗೆ ಅಳಬೇಡಿ ಎನ್ನಿ, ಅವರೇ ತಾನೇ ನಿಮ್ಮನ್ನು ಕರೆತಂದದ್ದು.

ಧಾರವಾಡದ ಅಮ್ಮ: ವರದಿ ಬಂದ ಕೂಡಲೇ ಇಲ್ಲಿ ಬರೆ ತಂಗಿ. ಆ ಸಂದೇಶ ತೆಗೆದಿದ್ದೇನೆ.

ವಿಜಯಪುರದಿಂದ: ಗ್ರಹಣದ ದಿನ ಬಸಿರಿಯರು ತರಕಾರಿ ಹೆಚ್ಚಬಹುದೇ?

ವೈದ್ಯೆ: ಹೆಚ್ಚಬಹುದು, ಉಣ್ಣಬಹುದು, ಮಲಗಬಹುದು. ನನಗೆ ವಾರ್ಡಿನಿಂದ ಕರೆ ಬಂದಿದೆ, ಹೊರಟೆ.

ನಿರ್ವಾಹಕಿ: ಮೇಡಂಗೆ ಧನ್ಯವಾದ. ಉಳಿದ ಪ್ರಶ್ನೆಗಳು ಮುಂದಿನ ಭಾನುವಾರಕ್ಕೆ.

ಕಲಬುರಗಿಯ ಗಂಡ: ನನ್ನ ಪ್ರಶ್ನೆ ಮಧ್ಯಾಹ್ನದಿಂದ ಹಾಗೆಯೇ ಇದೆ. ಒಳಗೆ ಬಿಡುತ್ತಾರೋ ಇಲ್ಲವೋ ಅಷ್ಟಾದರೂ ಯಾರಾದರೂ ಹೇಳಿ.